ಹಿಂದಿನ ಪಯಣಗಳ ಛಾಯಾಚಿತ್ರಗಳು



ಕಣ್ಣಿಗೆ ಕಾಣಿಸಬೇಕಾದ ವಸ್ತುವನ್ನು ಕಿವಿಗೆ ಒಪ್ಪಿಸುವ ಕೆಲಸ ಈ ಹೊತ್ತು ನನ್ನ ಪಾಲಿಗೆ ಬಂದಿದೆ. ಛಾಯಾಚಿತ್ರಗಳನ್ನು ಕುರಿತು ರೇಡಿಯೋದಲ್ಲಿ ಮಾತನಾಡುವುದೆಂದರೆ ಹಸಿದು ಎಲೆಯ ಮುಂದೆ ಕುಳಿತವರಿಗೆ ಪಾಕಶಾಸ್ತ್ರವನ್ನು ಓದಿ ಹೇಳಿದಂತೆ ಎಂದು ಯಾರಾದರೂ ನಕ್ಕರೆ ನಾನು ಎದುರು ಹೇಳಲಾರೆ. ಆದರೆ ಇದರಲ್ಲಿ ಒಂದು ಅನುಕೂಲವೂ ಉಂಟು. ಚಿತ್ರವು ಕೈಯಲ್ಲಿದ್ದಾಗ ನಾವು ಅದರ ಅಂದವನ್ನು ನೋಡಿ, ಚೆನ್ನಾಗಿದೆ ಎಂದು ಪಕ್ಕಕ್ಕಿಡುತ್ತೇವೆ. ಚಿತ್ರವಿಲ್ಲದೆ ಮಾತಿನಿಂದಲೇ ಅದನ್ನು ತೋರಿಸಬೇಕಾದಾಗ, ಇದು ಎಲ್ಲಿಯದು, ಯಾವ ಕಾಲದ್ದು, ಇದರ ಮೂಲೆಮೂಲೆಯಲ್ಲಿ ಏನಿದೆ ಎಂಬುದನ್ನೆಲ್ಲ ವಿವರಿಸಬೇಕಾಗುತ್ತದೆ. ಹಳೆಯ ಪಯಣಗಳ ಚಿತ್ರಗಳನ್ನು ನೋಡಬೇಕಾದ ಕ್ರಮವೂ ಇದೇ ಎಂದು ನನ್ನ ಎಣಿಕೆ. ಪ್ರಯಾಣದಲ್ಲಿ ತೆಗೆದ ಚಿತ್ರದಲ್ಲಿ, ತೆಗೆದವನು ಬೇಕೆಂದು ನಡುವೆ ನಿಲ್ಲಿಸಿದುದಕ್ಕಿಂತ, ತಾನಾಗಿ ಅಂಚಿನಲ್ಲಿ ಬಂದು ನಿಂತುದೇ ಕಾಲ ಕಳೆದಂತೆ ಹೆಚ್ಚಿನ ಬೆಲೆ ಪಡೆಯುತ್ತದೆ. ಇದನ್ನು ಒಂದು ಸೀಮೆಯ ಉದಾಹರಣೆಯಿಂದ ಹೇಳಬೇಕೆಂದಿದ್ದೇನೆ.

ಆ ಸೀಮೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ಹೋದರೆ ಮಲಪ್ರಭೆಯ ದಂಡೆಯ ಮೇಲೆ ಖಾನಾಪುರ ಪಟ್ಟಣ ಸಿಕ್ಕುತ್ತದೆ. ಕೆಂಪು ಹಂಚಿಗೂ ಮಣ್ಣಿನ ಪಾತ್ರೆಗಳಿಗೂ ಹೆಸರಾದ ಊರು. ಅದೇ ದಾರಿ ಮುಂದೆ ಲೋಂಡಾದ ಕಾಡುಗಳನ್ನು ಹೊಕ್ಕು ಅನಮೋಡಿನ ಮೇಲೆ ಗೋವೆಗಿಳಿಯುತ್ತದೆ. ಬೆಳಗಾವಿಯಿಂದಲೇ ನೈರುತ್ಯಕ್ಕೆ ಹೊರಡುವ ಇನ್ನೊಂದು ದಾರಿ ಜಾಂಬೋಟಿ, ಕಣಕುಂಬಿಗಳನ್ನು ದಾಟಿ, ಚೋರ್ಲಾ ಘಟ್ಟವನ್ನಿಳಿದು ಅದೇ ಗೋವೆಯನ್ನು ಸೇರುತ್ತದೆ. ಈ ಎರಡು ದಾರಿಗಳ ಸುತ್ತಮುತ್ತಲ ಪ್ರದೇಶದಲ್ಲಿ ನೋಡುವವನಿಗೆ ಏನು ಕಡಮೆ? ಹಲಸಿಯಲ್ಲಿ ಎರಡು ಗರ್ಭಗುಡಿಗಳು ಒಂದನ್ನೊಂದು ಎದುರುನೋಡಿಕೊಂಡಿರುವ ಭೂವರಾಹ ನರಸಿಂಹ ದೇವಾಲಯವಿದೆ. ನಂದಗಡದಲ್ಲಿ, 1831ರ ಜನವರಿಯಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯೂ ಆಲದ ಮರವೂ ಇವೆ. ಭೀಮಗಡದ ಕೋಟೆ, ಅದರ ಸುತ್ತಣ ನಿತ್ಯಹಸುರಿನ ಕಾಡು, ವಜ್ರಪೋಹ ಜಲಪಾತ ಇವೆ. ಬೆಳಗಾವಿಯ ಪೂರ್ವಕ್ಕೆ ಜೋಳದ ಹೊಲಗಳಲ್ಲಿ ಧೂಳೆದ್ದಿರುವ ದಿನ ಕಣಕುಂಬಿಯಲ್ಲಿ ಮುಂದಿನ ಮನುಷ್ಯ ಕಾಣದಷ್ಟು ಮಳೆ ಸುರಿಯುತ್ತಿರುವುದುಂಟು. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಪಯಣದಲ್ಲಿ ಎರಡು ದೇಶಗಳನ್ನು ನೋಡಿದಂತಾಗುತ್ತದೆ. ಕ್ಯಾಮೆರಾ ಇದ್ದವರು ಈ ದಾರಿಗಳನ್ನು ಬಿಟ್ಟವರಲ್ಲ.

ಫಿಲ್ಮಿನ ಕಾಲದ ಪಯಣವು ಈಗಿನದಕ್ಕಿಂತ ಬೇರೆಯಾಗಿದ್ದಿತು. ಬಹುಮಂದಿಯ ಕೈಯಲ್ಲಿ ಇದ್ದುದು ಆಗ್ಫಾ ಕ್ಲಿಕ್ 3 ಎಂಬ ಸಾದಾ ಪೆಟ್ಟಿಗೆ. ಅದರ ಒಂದು ಸುರುಳಿಗೆ 12 ಚಿತ್ರಗಳು ಮಾತ್ರ. ಸ್ವಲ್ಪ ಉಳ್ಳವರ ಬಳಿ ಒಂದು ಸುರುಳಿಗೆ 36 ಚಿತ್ರಗಳು ಬರುವ ಸಣ್ಣ ಅಳತೆಯ ಕ್ಯಾಮೆರಾ. ಉದಕಮಂಡಲದ ಕಾರಖಾನೆಯಲ್ಲಿ ತಯಾರಾಗುತ್ತಿದ್ದ ‘ಇಂದು’ ಎಂಬ ನಮ್ಮ ದೇಶದ ಫಿಲ್ಮೂ ಅಂಗಡಿಗಳಲ್ಲಿ ದೊರೆಯುತ್ತಿದ್ದಿತು. ಮಳೆಗಾಲದ ಕಾಡಿನೊಳಗೆ ಬೆಳಕು ಕಡಮೆ; ಆ ಫಿಲ್ಮುಗಳ ಚುರುಕೂ ಕಡಮೆ. ಆದುದರಿಂದ ಕ್ಯಾಮೆರಾದ ಕದವನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಗಾಳಿಗೆ ಎಲೆ ಅಲುಗುತ್ತದೆ, ನೀರು ಹಾಲಾಗಿ ಕಾಣುತ್ತದೆ. ಈಗ ಕೆಲವರು ಬೇಕೆಂದೇ ಸಾಧಿಸುವ ಆ ಹಾಲಿನಂಥ ಜಲಪಾತ ಆಗಿನವರಿಗೆ ಬೇಡವೆಂದರೂ ಬರುತ್ತಿದ್ದಿತು. ಇನ್ನು ಮಲೆನಾಡಿನ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದಂತೂ ಕ್ಯಾಮೆರಾ ಸಾಕಿದವರಿಗೆಲ್ಲ ಗೊತ್ತು. ಹೀಗೆ ಎಣಿಸಿ ಎಣಿಸಿ ತೆಗೆಯಬೇಕಾದ ಹನ್ನೆರಡರಲ್ಲಿ ಯಾರು ತಾನೆ ರಸ್ತೆಯನ್ನು, ಹೋಟಲಿನ ಬೆಂಚನ್ನು, ಬಸ್ಸಿನ ನಿಲ್ದಾಣವನ್ನು ತೆಗೆದಾರು? ಹನ್ನೊಂದು ಜಲಪಾತಕ್ಕೆ, ಒಂದು ಮನೆಯವರಿಗೆ, ಇದು ವಾಡಿಕೆ.

ಈ ಮಿತವ್ಯಯಕ್ಕೆ ಇನ್ನೊಂದು ಕಟ್ಟಳೆಯೂ ಕೂಡಿಕೊಂಡಿತು. ಛಾಯಾಚಿತ್ರಗಳ ಸ್ಪರ್ಧೆಗಳಲ್ಲಿ ನಿಸರ್ಗಚಿತ್ರವೆಂಬ ವಿಭಾಗಕ್ಕೆ ಒಂದು ನಿಯಮವುಂಟು. ಮನುಷ್ಯನ ಕೈಗೆಲಸ, ಅಂದರೆ ಮನೆ, ಬೇಲಿ, ತಂತಿ, ಗಾಡಿ, ಯಾವುದೂ ಚಿತ್ರದಲ್ಲಿ ಸುಳಿಯಬಾರದು. ನಿಸರ್ಗದ ಕಥೆಗೆ ಅದು ಅವಶ್ಯವಾದಲ್ಲಿ ಮಾತ್ರ ಕ್ಷಮೆ. ನಿಯಮ ನಿಷ್ಕಾರಣವಾದುದೆಂದು ನಾನು ಹೇಳುವುದಿಲ್ಲ. ಸಾಕಿದ ಪ್ರಾಣಿಯನ್ನು ಕಾಡಿನದೆಂದು ತೋರಿಸುವ ಮೋಸಕ್ಕೆ ಅದು ತಡೆ. ನಮ್ಮ ನಾಡಿನ ದೊಡ್ಡ ಛಾಯಾಗ್ರಾಹಕರು ಈ ನಿಸರ್ಗಚಿತ್ರದ ಕಲೆಯಲ್ಲಿಯೇ ಹೊರದೇಶಗಳಲ್ಲಿ ಕೀರ್ತಿಯನ್ನು ಗಳಿಸಿದರು. 2017ರಲ್ಲಿ ತೀರಿಕೊಂಡ ಟಿ. ಎನ್. ಎ. ಪೆರುಮಾಳರೂ, ಇ. ಹನುಮಂತರಾಯರೂ, ಸಂಡೂರಿನ ಎಂ. ವೈ. ಘೋರ್ಪಡೆಯವರೂ ಒಂದು ಹಕ್ಕಿಗಾಗಿ ದಿನಗಟ್ಟಲೆ ಕಾಯಬಲ್ಲವರಾಗಿದ್ದರು. ಮರೆಯನ್ನು ಕಟ್ಟಿಕೊಂಡು, ಹಕ್ಕಿಯ ನಡೆವಳಿಕೆಯನ್ನು ಅರಿತುಕೊಂಡು, ಅದಕ್ಕೆ ತಿಳಿಯದಂತೆ ತೆಗೆದ ಚಿತ್ರಗಳು ಅವು. ಅವರ ಮಾತು ಬೇರೆ. ಆದರೆ ಅವರ ಕಲೆಯ ನಿಯಮವನ್ನು ದಾರಿಹೋಕರಾದ ನಾವೆಲ್ಲ ಎರವಲು ಪಡೆದುದರ ಫಲವೇನು? ಘಟ್ಟದ ಸೀಮೆಯ ಸಾವಿರಾರು ಚಿತ್ರಗಳಲ್ಲಿ ಮಂಜು ಇದೆ, ಬೆಟ್ಟವಿದೆ, ನೀರಿದೆ, ಅಲ್ಲಿ ಬಾಳಿದವರಿಲ್ಲ. ಎಲ್ಲ ಚಿತ್ರಗಳೂ ಒಂದೇ ಬಗೆಯವು. ಇದು ಚೋರ್ಲೆಯೋ, ಆಗುಂಬೆಯೋ, ಕೊಡಗೋ ಎಂದು ತೆಗೆದವನೇ ಇಪ್ಪತ್ತು ವರ್ಷಗಳ ಮೇಲೆ ತಡವರಿಸುತ್ತಾನೆ.

ಈ ವಿಷಯವನ್ನು ನನಗೆ ಮೊದಲು ಹೇಳಿಕೊಟ್ಟವರು ಯಾವ ಛಾಯಾಗ್ರಾಹಕರೂ ಅಲ್ಲ. 1990ರ ದಶಕದಲ್ಲಿ ಒಮ್ಮೆ ಖಾನಾಪುರದ ದಾರಿಯಲ್ಲಿ, ರಸ್ತೆಯ ಪಕ್ಕದ ಗದ್ದೆಯ ನೀರಿನಲ್ಲಿ ಬಿದ್ದ ಮೋಡದ ನೆರಳನ್ನು ತೆಗೆಯಲು ಮೂರುಕಾಲಿನ ಗೂಟವನ್ನು ನಿಲ್ಲಿಸಿದ್ದೆ. ಎತ್ತುಗಳನ್ನು ಹೊಡೆದುಕೊಂಡು ಬಂದ ಮುದುಕರೊಬ್ಬರು ಬಹಳ ಹೊತ್ತು ನೋಡುತ್ತ ನಿಂತು, ಕೊನೆಗೆ ಹೇಳಿದರು: “ಸಾಹೇಬ್ರ, ನೀರಿಂದು ಎಲ್ಲಾರೂ ತಗೀತಾರ್ರೀ. ನೀರೇನು ನನ್ನ ಫೋಟೋ ಕೊಡ್ರಿ ಅಂತ ಕೇಳತೈತೇನ್ರಿ? ನಮ್ಮ ಎತ್ತಿಂದೊಂದು ತಗೀರಿ. ಮನ್ಯಾಗ ಹಚ್ಚತೀವಿ.” ನಾನು ಎತ್ತಿನ ಜೋಡಿಯನ್ನೂ ಅವರನ್ನೂ ರಸ್ತೆಯ ಮೇಲೆ ನಿಲ್ಲಿಸಿ ಒಂದು ಚಿತ್ರ ತೆಗೆದೆ. ಅಂಚೆಯಲ್ಲಿ ಪ್ರತಿಯನ್ನೂ ಕಳುಹಿಸಿದೆ. ಮೋಡದ ನೆರಳಿನ ಚಿತ್ರ ಈಗಲೂ ಚೆನ್ನಾಗಿದೆ. ಆದರೆ ಅದನ್ನು ಯಾರೂ ಕೇಳುವುದಿಲ್ಲ. ಎತ್ತುಗಳ ಚಿತ್ರವನ್ನು ಬಂದವರೆಲ್ಲ ಕೇಳಿ ನೋಡುತ್ತಾರೆ. ಎತ್ತುಗಳಿಗಾಗಿ ಅಲ್ಲ. ಅವುಗಳ ಹಿಂದೆ, ಇಕ್ಕೆಲಗಳಲ್ಲಿ, ರಸ್ತೆಯ ಮೇಲೆ ಚಪ್ಪರದಂತೆ ಕೂಡಿಕೊಂಡ ಹಳೆಯ ಮರಗಳ ಸಾಲು ಉದ್ದಕ್ಕೂ ಬಂದಿದೆ. 2010ರ ದಶಕದ ಕೊನೆಯ ಹೊತ್ತಿಗೆ ಗೋವೆಯ ಹೆದ್ದಾರಿಯನ್ನು ಅಗಲಮಾಡಿದಾಗ ದಾರಿಯ ಬದಿಯ ಮರಗಳು ಬಹುಸಂಖ್ಯೆಯಲ್ಲಿ ಉರುಳಿದುವು. ಆ ನೆರಳಿನಲ್ಲಿ ನಡೆದವರು ಇನ್ನೂ ಇದ್ದಾರೆ. ಆದರೆ ಮರಗಳು ಎಷ್ಟು ಎತ್ತರ, ಎಷ್ಟು ಒತ್ತು ಎಂಬುದನ್ನು ಅಳೆದು ನೋಡಬೇಕಾದರೆ ಎತ್ತಿನ ಪಕ್ಕದಲ್ಲಿ ನಿಂತ ಮರವನ್ನೇ ನೋಡಬೇಕು. ಮುದುಕರು ತಮ್ಮ ಎತ್ತಿಗಾಗಿ ಕೇಳಿದುದರಿಂದ ಮರಗಳು ಉಳಿದುವು.

ಇನ್ನು ನೀರಿನ ಮಾತಿಗೆ ಬರೋಣ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ, ಖಾನಾಪುರವನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಬಂಗಾಳದ ಕೊಲ್ಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ, ದೇಗಾಂವದ ಬಳಿಯ ಊಟೆಗಳಿಂದ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡೋವಿ ಎನ್ನಿಸಿಕೊಂಡು, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕಣಕುಂಬಿಯ ಸಮೀಪದ ಕಳಸಾ ಹಳ್ಳವೂ ಮಹದಾಯಿಯ ಕಡೆಯದೇ. ಒಂದೇ ಮಳೆ, ಒಂದೇ ಬೆಟ್ಟ; ಒಂದು ಹನಿ ಪೂರ್ವದ ಕಡಲಿಗೆ, ಪಕ್ಕದ ಹನಿ ಪಶ್ಚಿಮದ ಕಡಲಿಗೆ. ಈಗ ಅಲ್ಲಿ ತೆಗೆದ ಎರಡು ಹಳ್ಳಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಡಿ. ಎರಡರಲ್ಲಿಯೂ ಕರಿಯ ಬಂಡೆ, ಬಿಳಿಯ ನೊರೆ, ಜರಿಗಿಡ. ಯಾವುದು ಎತ್ತ ಹರಿಯುತ್ತದೆಂದು ಚಿತ್ರ ಹೇಳಲಾರದು. ಅದನ್ನು ಹೇಳುವುದು ಹಿಂಬದಿಯ ಒಂದು ಸಾಲಿನ ಬರಹ. ಎರಡು ರಾಜ್ಯಗಳ ನಡುವೆ ಬಹುಕಾಲ ನಡೆದ ವ್ಯಾಜ್ಯವೂ ಆ ಒಂದು ಸಾಲಿನ ಮೇಲೆಯೇ ನಿಂತಿದೆ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿದರೆ ಬಯಲುಸೀಮೆಯ ಊರುಗಳಿಗೆ ಕುಡಿಯಲು ನೀರು ಸಿಕ್ಕೀತೆಂಬುದು ಒಂದು ಕಡೆಯವರ ಮಾತು; ತಿರುಗಿಸಿದರೆ ಕೆಳಗಿನ ನದಿ ಬಡವಾಗುವುದೆಂಬುದು ಇನ್ನೊಂದು ಕಡೆಯವರ ಮಾತು. ಕಣಕುಂಬಿಯಲ್ಲಿ 2006ರಲ್ಲಿ ಕಾಲುವೆಯ ಕೆಲಸ ಮೊದಲಾಯಿತು. 2010ರಲ್ಲಿ ನೇಮಕವಾದ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ನೀರನ್ನು ಹಂಚಿತು, ಅದರಲ್ಲಿ ಈ ಎರಡು ಹಳ್ಳಗಳಿಂದ ತಿರುಗಿಸಲು ಒಪ್ಪಿದುದು 3.90.

ವ್ಯಾಜ್ಯದಲ್ಲಿ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: 2006ಕ್ಕೆ ಮುಂಚೆ ಈ ದಾರಿಯಲ್ಲಿ ಹೋದವರು ಕಣಕುಂಬಿಯ ಸುತ್ತ ತೆಗೆದ ಚಿತ್ರಗಳು ಬೆಳಗಾವಿಯ, ಧಾರವಾಡದ, ಹುಬ್ಬಳ್ಳಿಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿರಬೇಕು. ಹಳ್ಳದ ದಂಡೆ ಹೇಗಿದ್ದಿತು, ಬೇಸಗೆಯಲ್ಲಿ ನೀರು ಯಾವ ಬಂಡೆಯವರೆಗೆ ನಿಲ್ಲುತ್ತಿದ್ದಿತು, ಕಾಡು ರಸ್ತೆಗೆ ಎಷ್ಟು ಹತ್ತಿರವಿದ್ದಿತು ಎಂಬುದಕ್ಕೆ ಅವು ಸಾಕ್ಷಿ. ತೆಗೆದವರು ಸಾಕ್ಷಿಗಾಗಿ ತೆಗೆದವರಲ್ಲ. ಮಕ್ಕಳು ನೀರಿಗಿಳಿದರು, ಸಂತೋಷವಾಗಿತ್ತು, ಒಂದು ಚಿತ್ರ ತೆಗೆದರು. ಯಾವ ಕಡೆಗೂ ವಾಲದೆ ತೆಗೆದುದರಿಂದಲೇ ಆ ಸಾಕ್ಷಿಗೆ ಬೆಲೆ. ಆದರೆ ದಿನಾಂಕವಿಲ್ಲದ ಸಾಕ್ಷಿ ಎಲ್ಲಿ ನಿಂತೀತು? ಚಿತ್ರದ ಹಿಂದೆ “ನಾವು ಮತ್ತು ಮಕ್ಕಳು” ಎಂದಿದ್ದರೆ ನೆಂಟರಿಗಲ್ಲದೆ ಮತ್ತಾರಿಗೂ ಅದು ಮಾತನಾಡುವುದಿಲ್ಲ.

ಈ ವಿಷಯದಲ್ಲಿ ನಮಗಿಂತ ಹಿಂದಿನವರು ಜಾಣರು. 1855ರಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯವರು ಬೊಂಬಾಯಿ ತೋಪುದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿದರು. ಆತ ಬಿಜಾಪುರ, ಐಹೊಳೆ, ಬಾದಾಮಿಗಳನ್ನು ಕಾಗದದ ನೆಗೆಟಿವಿನ ಮೇಲೆ ಹಿಡಿದನು. ಅವನ ತರುವಾಯ ವೈದ್ಯನಾದ ಪಿಗೌ ಆ ಕೆಲಸವನ್ನು ಮುಂದುವರಿಸಿದನು. ಇವರ ಚಿತ್ರಗಳನ್ನು ಅಂಟಿಸಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವನ್ನು ಲಂಡನ್ನಿನಲ್ಲಿ ಹೊರತಂದರು. ಆ ಕಾಲದ ಕ್ಯಾಮೆರಾ ಎತ್ತಿನ ಗಾಡಿಯ ಮೇಲೆ ಹೋಗಬೇಕಾದ ಭಾರ; ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟು ಹೊತ್ತು ಕಲ್ಲು ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಗುಡಿಯ ಮುಂದೆ ಅಡ್ಡಾಡಿದ ಜನ ಆ ಚಿತ್ರಗಳಲ್ಲಿ ಹೊಗೆಯಂತೆ ಮಸುಕಾಗುತ್ತಾರೆ, ಅಥವಾ ಕಾಣುವುದೇ ಇಲ್ಲ. ಅಲ್ಲಿ ಜನರಿಲ್ಲದಿರುವುದು ಯಂತ್ರದ ಅಶಕ್ತಿಯಿಂದ. ನಮ್ಮಲ್ಲಿ ಇಲ್ಲದಿರುವುದು ನಮ್ಮ ಅಭಿರುಚಿಯಿಂದ! ಆದರೆ ಸರಕಾರದ ಕೆಲಸವಾದುದರಿಂದ ಅವರ ಚಿತ್ರಗಳಿಗೆ ಊರು, ಗುಡಿ, ಭಾಗ ಎಲ್ಲಕ್ಕೂ ಹೆಸರಿದೆ. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ ತಿರುಗಿ ಒಂದು ವರದಿಯನ್ನೇ ಬರೆದನು. ಕಲಾದಗಿ ಎಂಬ ಜಿಲ್ಲೆ ಈಗಿಲ್ಲ. ಬೆಳಗಾಂ ಎಂಬ ಹೆಸರು 2014ರಲ್ಲಿ ಬೆಳಗಾವಿಯಾಯಿತು. ಹೆಸರುಗಳು ಬದಲಾದರೂ, ಹಳೆಯ ಹೆಸರನ್ನು ಬರೆದಿಟ್ಟಿದ್ದರೆ ಹುಡುಕಿ ಹಿಡಿಯಬಹುದು.

ಬರೆಯುವುದರಲ್ಲಿಯೂ ಒಂದು ಎಚ್ಚರ ಬೇಕು. ಬರಿಯ ಊರಿನ ಹೆಸರು ಸಾಲದು. ಮಹದಾಯಿ ಹುಟ್ಟುವ ದೇಗಾಂವದ ಮಾತನ್ನು ಈಗತಾನೆ ಹೇಳಿದೆ. ಕಿತ್ತೂರಿನ ಹತ್ತಿರ ಇನ್ನೊಂದು ದೇಗಾಂವ ಇದೆ. ಗೋವೆಯ ಕದಂಬರಲ್ಲಿ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಅಲ್ಲಿಯದು. ಒಂದು ದೇಗಾಂವದಲ್ಲಿ ಕಾಡು, ಒಂದರಲ್ಲಿ ಕಲ್ಲಿನ ಕೆತ್ತನೆ. ಗುಡಿಯ ಚಿತ್ರವಾದರೆ ಗೊಂದಲವಿಲ್ಲ. ಊರಿನ ಕೆರೆಯದೋ ಗದ್ದೆಯದೋ ಚಿತ್ರದ ಹಿಂದೆ ‘ದೇಗಾಂವ’ ಎಂದಷ್ಟೇ ಇದ್ದರೆ ಓದಿದವರು ದಾರಿ ತಪ್ಪುತ್ತಾರೆ. ಯಾವ ರಸ್ತೆಯಲ್ಲಿ, ಯಾವ ಊರನ್ನು ದಾಟಿದ ಮೇಲೆ, ಯಾವ ದಿಕ್ಕಿಗೆ ಮುಖಮಾಡಿ ತೆಗೆದುದು ಎಂಬ ಮೂರು ಮಾತು ಸೇರಿಸಿದರೆ ಸಂಶಯಕ್ಕೆಡೆಯಿಲ್ಲ.

ಎಲ್ಲವನ್ನೂ ಬರೆದಿಡಬೇಕೆಂದು ಇಷ್ಟು ಹೇಳಿದ ಮೇಲೆ, ಬರೆದುದನ್ನೆಲ್ಲ ಸಾರಬಾರದೆಂದೂ ಹೇಳಬೇಕಾಗಿದೆ. ಇದು ವಿರೋಧದಂತೆ ತೋರಬಹುದು. ಭೀಮಗಡದ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. ಅಲ್ಲಿ ವಾಸಿಸುವ ಒಂದು ಬಾವಲಿಯನ್ನು ಬೊಂಬಾಯಿಯ ನಿಸರ್ಗ ಇತಿಹಾಸ ಸಂಘದ ಸಮೀಕ್ಷೆಯವರು ಸಂಗ್ರಹಿಸಿದರು. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ವರ್ಣಿಸಿ, ಅರಣ್ಯಾಧಿಕಾರಿ ರಾಟನ್ನನ ಹೆಸರಿಟ್ಟನು. ಬಹುಕಾಲದವರೆಗೆ ಜಗತ್ತಿನಲ್ಲಿ ಇದೊಂದೇ ಅದರ ನೆಲೆಯೆಂದು ತಿಳಿದಿದ್ದರು. ಇತ್ತೀಚೆಗೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಸಿಕ್ಕಿದೆ. 1972ರ ವನ್ಯಜೀವಿ ಕಾನೂನಿನ ಮೊದಲನೆಯ ಪಟ್ಟಿಯಲ್ಲಿ ಹುಲಿಯೊಡನೆ ಸೇರಿದ ಬಾವಲಿ ಇದು. ಭೀಮಗಡದ ಸುಮಾರು 190 ಚದರ ಕಿಲೋಮೀಟರು ಕಾಡು 2011ರ ಡಿಸೆಂಬರಿನಲ್ಲಿ ಅಭಯಾರಣ್ಯವಾದುದಕ್ಕೆ ಈ ಚಿಕ್ಕ ಪ್ರಾಣಿಯೂ ಒಂದು ಕಾರಣ. ಕತ್ತಲೆಯಲ್ಲಿ ಗುಂಪಾಗಿ ಮಲಗಿರುವ ಬಾವಲಿಗಳ ಮೇಲೆ ದೀಪವನ್ನು ಮಿಂಚಿಸಿದರೆ ಅವು ಬೆದರಿ ಎದ್ದು ಹಾರುತ್ತವೆ. ಹಾಲೂಡುವ ತಾಯಿಯಿಂದ ಮರಿ ಕಳಚಿ ಕೆಳಗೆ ಬಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಗುಹೆಯ ಹೆಸರು ನೂರು ವರ್ಷಗಳಿಂದ ಪುಸ್ತಕಗಳಲ್ಲಿರುವುದರಿಂದ ನಾನೂ ಹೇಳಿದೆ, ದಾರಿಯನ್ನು ಹೇಳುವುದಿಲ್ಲ. ಕೈಗೆ ಬಂದಿರುವ ಹೊಸ ಫೋನುಗಳು ಚಿತ್ರದೊಡನೆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ತಾವಾಗಿ ಬರೆದುಕೊಳ್ಳುತ್ತವೆ. ಕಳುಹಿಸಿದವನಿಗೆ ತಿಳಿಯದೆಯೇ ಗೂಡಿನ ವಿಳಾಸ ಹತ್ತು ಊರಿಗೆ ಹೋಗಬಹುದು. ಹಿಂಬದಿಯ ಬರಹ ಮನೆಯಲ್ಲಿರಲಿ. ಗೂಡು, ಗುಹೆ, ಅಪರೂಪದ ಗಿಡ, ಇವುಗಳ ಚಿತ್ರವನ್ನು ಹೊರಗೆ ಕೊಡುವಾಗ ತಾಲ್ಲೂಕಿನ ಹೆಸರೇ ಸಾಕು. ಹಕ್ಕಿಯ ಗೂಡು ಚೆನ್ನಾಗಿ ಕಾಣಲೆಂದು ಸುತ್ತಣ ಕೊಂಬೆಯನ್ನು ಕತ್ತರಿಸುವವರು ಹಿಂದೆಯೂ ಇದ್ದರು. ಒಳ್ಳೆಯವರು ಕೊಂಬೆಯನ್ನು ದಾರದಿಂದ ಹಿಂದಕ್ಕೆ ಕಟ್ಟಿ, ಕೆಲಸವಾದೊಡನೆ ಬಿಚ್ಚಿ ಬರುತ್ತಿದ್ದರು. ಕತ್ತರಿಸಿದವನ ಚಿತ್ರದಲ್ಲಿ ಮರಿ ಕಾಣುತ್ತದೆ. ಮರುದಿನ ಬಿಸಿಲಿಗೋ ಕಾಗೆಗೋ ಸಿಕ್ಕಿ ಅದು ಏನಾಯಿತೆಂಬುದು ಕಾಣುವುದಿಲ್ಲ.

ಕಾಡಿನ ಮನುಷ್ಯರ ವಿಷಯಕ್ಕೆ ಈ ಗುಟ್ಟು ಸಲ್ಲದು. ಅವರ ಹೆಸರನ್ನೂ ಊರನ್ನೂ ಕೇಳಿ ಬರೆದುಕೊಳ್ಳಬೇಕು. ಅವರ ಚಿತ್ರವನ್ನು ಅವರಿಗೆ ಮುಟ್ಟಿಸಬೇಕು. ಅಭಯಾರಣ್ಯದೊಳಗಣ ತಳೇವಾಡಿಯಂಥ ಹಳ್ಳಿಗಳಲ್ಲಿ ಮಳೆಗಾಲದ ಹಳ್ಳ ದಾಟಲು ಸೇತುವೆಯಿಲ್ಲದೆ, ಆಸ್ಪತ್ರೆಗೆ ರೋಗಿಯನ್ನು ಹೊತ್ತುಕೊಂಡು ಹೋಗಬೇಕಾಗಿದ್ದಿತು. 2025ರಲ್ಲಿ ತಳೇವಾಡಿಯ ಕುಟುಂಬಗಳು ಪರಿಹಾರವನ್ನು ಪಡೆದು ಕಾಡಿನಿಂದ ಹೊರಗೆ ನೆಲೆಸಲು ಒಪ್ಪಿದುವು. ಒಪ್ಪಿದುದು ಅವರ ಹಿತಕ್ಕೆಂದೇ ಇಟ್ಟುಕೊಳ್ಳೋಣ. ಮಕ್ಕಳಿಗೆ ಶಾಲೆ ಹತ್ತಿರವಾಗುತ್ತದೆ, ಕಾಡಿಗೂ ನೆಮ್ಮದಿ. ಆದರೆ ಬಿಟ್ಟುಬಂದ ಅಂಗಳವನ್ನು ಕಾಡು ಬಹಳ ಬೇಗ ನುಂಗುತ್ತದೆ. ನಾಲ್ಕು ಮಳೆಗಾಲ ಕಳೆದರೆ ಗೋಡೆಯ ಗುರುತೂ ಉಳಿಯದು. ಆ ದಾರಿಯಲ್ಲಿ ಕೋಟೆಯನ್ನು ನೋಡಲು ಹೋದ ನೂರಾರು ಮಂದಿಯಲ್ಲಿ ಯಾರೋ ಒಬ್ಬರು ಮನೆಯ ಜಗಲಿಯ ಮೇಲೆ ದಣಿವಾರಿಸಿಕೊಂಡಿರುತ್ತಾರೆ, ಕೊಟ್ಟ ನೀರನ್ನು ಕುಡಿದಿರುತ್ತಾರೆ, ಕೋಟೆಯ ಚಿತ್ರದ ಮೂಲೆಯಲ್ಲಿ ಆ ಮನೆಯ ಮಾಡೂ ಬಂದಿರುತ್ತದೆ. ಅಂಥ ಮೂಲೆಯನ್ನು ಹುಡುಕಿ, ಅಷ್ಟನ್ನೇ ದೊಡ್ಡದು ಮಾಡಿಸಿ, ಹೊಸ ಊರಿನಲ್ಲಿರುವ ಆ ಮನೆಯವರಿಗೆ ಒಂದು ಪ್ರತಿಯನ್ನು ಕಳುಹಿಸಲು ಖರ್ಚೇನೂ ಹೆಚ್ಚಲ್ಲ.

ಹುಡುಕುವುದಾದರೆ ಬೇಗ ಹುಡುಕಬೇಕು. ಬಣ್ಣದ ಚಿತ್ರಗಳ ಬಣ್ಣ ಇಳಿಯುತ್ತಿದೆ. ನೀಲಿ ಹಸುರುಗಳು ಹೋಗಿ ಎಲ್ಲವೂ ಕಾವಿಯಾಗುತ್ತಿವೆ. ಹಳೆಯ ನೆಗೆಟಿವುಗಳ ಡಬ್ಬಿಯನ್ನು ತೆರೆದಾಗ ಹುಳಿಯ ವಾಸನೆ ಬಂದರೆ ಫಿಲ್ಮು ಕೆಡತೊಡಗಿದೆಯೆಂದು ತಿಳಿಯಬೇಕು; ಅಂಥವನ್ನು ಉಳಿದವುಗಳಿಂದ ಬೇರ್ಪಡಿಸಿ, ಮೊದಲು ಅವುಗಳ ಪ್ರತಿ ತೆಗೆಸಬೇಕು. ಕಪ್ಪುಬಿಳುಪಿನವು ಚೆನ್ನಾಗಿ ತೊಳೆದವಾಗಿದ್ದರೆ ಇನ್ನೂ ನಮ್ಮ ಮೊಮ್ಮಕ್ಕಳವರೆಗೆ ಬಾಳುತ್ತವೆ. ಹಿಂಬದಿಯಲ್ಲಿ ಬರೆಯುವುದಕ್ಕೆ ಮೆತ್ತನೆಯ ಸೀಸದ ಕಡ್ಡಿ ಒಳ್ಳೆಯದು. ಶಾಯಿ ಎದುರುಬದಿಗೆ ಊರುತ್ತದೆ, ಗಟ್ಟಿಯಾಗಿ ಒತ್ತಿದರೆ ಮುಂಬದಿಯಲ್ಲಿ ಗೀರು ಮೂಡುತ್ತದೆ. ಹೊಳಪಿನ ಹೊಸ ಕಾಗದದ ಮೇಲೆ ಸೀಸ ಹಿಡಿಯದಿದ್ದರೆ ಒಂದು ಚೀಟಿಯಲ್ಲಿ ಬರೆದು ಚಿತ್ರದೊಡನೆ ಲಕೋಟೆಯಲ್ಲಿಡಬಹುದು. ಆ ಪಯಣದಲ್ಲಿ ಜೊತೆಗಿದ್ದವರಲ್ಲಿ ಹಿರಿಯರು ಯಾರಾದರೂ ಇನ್ನೂ ಇದ್ದರೆ ಮೊದಲು ಅವರ ಮುಂದೆ ಚಿತ್ರಗಳನ್ನು ಹರವಿ ಕುಳಿತುಕೊಳ್ಳಿ. ಜಲಪಾತ ಯಾವುದೆಂದು ಅವರಿಗೆ ನೆನಪಿರಲಾರದು. ಆ ದಿನ ಬಸ್ಸು ಎಲ್ಲಿ ಕೆಟ್ಟು ನಿಂತಿತು, ಬುತ್ತಿಯನ್ನು ಯಾವ ಮರದ ಕೆಳಗೆ ಬಿಚ್ಚಿದರು ಎಂಬುದು ಮಾತ್ರ ತಪ್ಪದೆ ನೆನಪಿರುತ್ತದೆ. ಅದರಿಂದ ಊರು ಸಿಕ್ಕುತ್ತದೆ. ಹೊಟ್ಟೆಯಲ್ಲಿದ್ದ ಮಗು ಯಾವುದೆಂಬುದರಿಂದ ವರ್ಷವೂ ಸಿಕ್ಕುತ್ತದೆ.